ದೊಡ್ಡ ರೋಗ: ಲಂಡನ್ನಿನ ದನದ ಸಂತೆಯಿಂದ ನಮ್ಮೂರ ಗಡಿಯವರೆಗೆ



ಕೂಟದ ಕಾರ್ಯದರ್ಶಿಗಳು ಉಪನ್ಯಾಸಕ್ಕೆ ಆಹ್ವಾನಿಸಿದಾಗ ನಾವು ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ಮಾತನಾಡುವೆವೆಂದು ಅವರು ನಿರೀಕ್ಷಿಸಿದ್ದಿರಬೇಕು. ದನಗಳ ರೋಗವನ್ನೂ ದನಗಳ ಸಾಗಾಟದ ಕಾಯಿದೆಯನ್ನೂ ಕುರಿತು ಮಾತನಾಡುತ್ತೇವೆಂದು ತಿಳಿಸಿದಾಗ ದೂರವಾಣಿಯ ಆ ತುದಿಯಲ್ಲಿ ಕೊಂಚ ಹೊತ್ತು ಮೌನವಿತ್ತು. ಮನುಷ್ಯರ ವೈದ್ಯರಿಗೆ ದನದ ಕೊಟ್ಟಿಗೆಯಲ್ಲೇನು ಕೆಲಸ ಎಂಬ ಪ್ರಶ್ನೆ ಆ ಮೌನದಲ್ಲಿ ಅಡಗಿತ್ತೆಂದು ನಮಗೆ ತಿಳಿಯಿತು. ಅದಕ್ಕೆ ಉತ್ತರವನ್ನು ಕಡೆಯಲ್ಲಿ ಕೊಡುತ್ತೇವೆ. ಸದ್ಯಕ್ಕೆ ಇಷ್ಟು ಹೇಳಿದರೆ ಸಾಕು: ಇಂದು ಜಗತ್ತಿನ ಯಾವ ಮೂಲೆಯಲ್ಲಿಯಾದರೂ ಒಂದು ಪ್ರಾಣಿಯನ್ನು ಗಡಿ ದಾಟಿಸಬೇಕಾದರೆ ಕೇಳುವ ಕಾಗದಪತ್ರಗಳ ಹಿಂದೆ ನಾವೆಲ್ಲ ವಾಸವಾಗಿರುವ ಈ ಲಂಡನ್ ನಗರದ ಒಂದು ದೊಡ್ಡ ದುರಂತವಿದೆ. ಅದರ ಕುರುಹು ನಮ್ಮ ಮನೆಗಳಿಂದ ಟ್ಯೂಬ್ ರೈಲಿನ ಕೆಲವೇ ನಿಲ್ದಾಣಗಳಾಚೆ ಈಗಲೂ ನಿಂತಿದೆ.

ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಉತ್ತರಕ್ಕೆ ಕ್ಯಾಲೆಡೋನಿಯನ್ ರಸ್ತೆಯಲ್ಲಿ ನಡೆದರೆ ಎಡಗಡೆಗೆ ಕ್ಯಾಲೆಡೋನಿಯನ್ ಪಾರ್ಕ್ ಎಂಬ ಸಣ್ಣ ಉದ್ಯಾನ ಸಿಗುತ್ತದೆ. ಅದರ ನಡುವೆ ಎತ್ತರವಾದ ಬಿಳಿಗಲ್ಲಿನ ಗಡಿಯಾರದ ಗೋಪುರವಿದೆ. ಮಕ್ಕಳನ್ನು ಆಡಲು ಕರೆತಂದ ತಾಯಂದಿರು ಅದರ ನೆರಳಿನಲ್ಲಿ ಕುಳಿತಿರುತ್ತಾರೆ. ಆದರೆ ಆ ಗೋಪುರ ನಿಂತದ್ದು ಉದ್ಯಾನಕ್ಕಾಗಿ ಅಲ್ಲ. 1855ರ ಜೂನ್ ತಿಂಗಳಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ರಾಜಕುಮಾರ ಇಲ್ಲಿ ಮೆಟ್ರೊಪಾಲಿಟನ್ ಕ್ಯಾಟಲ್ ಮಾರ್ಕೆಟ್ ಎಂಬ ಬೃಹತ್ ದನದ ಸಂತೆಯನ್ನು ಉದ್ಘಾಟಿಸಿದ. ಅದಕ್ಕೆ ಮುಂಚೆ ಶತಮಾನಗಳ ಕಾಲ ಸಂತೆ ನಡೆಯುತ್ತಿದ್ದುದು ಊರ ನಟ್ಟನಡುವಣ ಸ್ಮಿತ್‌ಫೀಲ್ಡಿನಲ್ಲಿ. ದನಗಳು ಬೀದಿಬೀದಿಗಳಲ್ಲಿ ನುಗ್ಗಿ ಬರುವ ಹಾವಳಿಯನ್ನು ತಾಳಲಾರದೆ ಸಂತೆಯನ್ನು ಇಸ್ಲಿಂಗ್ಟನ್ನಿನ ಬಯಲಿಗೆ ಸಾಗಿಸಿದರು. ಸೋಮವಾರ ಮತ್ತು ಗುರುವಾರ ವ್ಯಾಪಾರ. ನಾಲ್ಕು ಮೂಲೆಗಳಲ್ಲಿ ನಾಲ್ಕು ಪಾನಗೃಹಗಳು, ನಡುವೆ ಗಡಿಯಾರ, ಸುತ್ತ ಸಾವಿರಾರು ದನಕುರಿಗಳು. ಇಂಗ್ಲೆಂಡಿನ ಎಲ್ಲ ಕಡೆಗಳಿಂದಲೂ ಹಾಲೆಂಡ್, ಜರ್ಮನಿ, ರಷ್ಯಾಗಳಿಂದಲೂ ಬಂದ ರಾಸುಗಳು ಒಂದೇ ಬಯಲಿನಲ್ಲಿ ಮೂತಿಗೆ ಮೂತಿ ತಾಗಿಸಿ ನಿಲ್ಲುತ್ತಿದ್ದವು. ವೈದ್ಯರ ಕಣ್ಣಿಗೆ ಇದಕ್ಕಿಂತ ಭಯಂಕರವಾದ ನೋಟ ಮತ್ತೊಂದಿಲ್ಲ. ಆದರೆ ಆ ಕಾಲಕ್ಕೆ ಹಾಗೆ ಕಂಡವರು ಕೆಲವರೇ.

ಆಗಿನ ಲಂಡನ್ನಿನ ಜನ ಕುಡಿಯುತ್ತಿದ್ದ ಹಾಲಿನ ಬಹುಪಾಲು ಲಂಡನ್ನಿನಲ್ಲಿಯೇ ಕರೆದದ್ದು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ಇಸ್ಲಿಂಗ್ಟನ್, ಲ್ಯಾಂಬೆತ್, ಬೆತ್ನಲ್ ಗ್ರೀನ್ ಮುಂತಾದ ಕಡೆ ಮನೆಗಳ ಹಿತ್ತಲಲ್ಲಿ, ಕತ್ತಲೆಯ ಓಣಿಗಳ ಕೊನೆಯಲ್ಲಿ ಕೊಟ್ಟಿಗೆಗಳಿದ್ದವು. ಇವುಗಳನ್ನು ನಡೆಸುತ್ತಿದ್ದವರಲ್ಲಿ ವೇಲ್ಸ್‌ನಿಂದ ವಲಸೆ ಬಂದವರು ಬಹಳ ಮಂದಿ. ಇಂಗ್ಲಿಷರ ನಡುವೆ ತಮ್ಮದೇ ಭಾಷೆಯನ್ನಾಡುತ್ತ, ಭಾನುವಾರ ತಮ್ಮದೇ ಪ್ರಾರ್ಥನಾಮಂದಿರದಲ್ಲಿ ಸೇರುತ್ತ, ಮುಂಜಾನೆ ಮನೆಮನೆಗೆ ಹಾಲು ಹಾಕುತ್ತಿದ್ದ ಆ ಜನರನ್ನು ನೆನೆದಾಗ ನಮಗೆ ನಮ್ಮ ಕೂಟದ ನೆನಪಾಗದಿರದು. ಅವರ ಕಸುಬಿನಲ್ಲಿ ಒಂದು ವಿಶೇಷವಿತ್ತು. ಹಸುವನ್ನು ಕೊಟ್ಟಿಗೆಯಲ್ಲಿ ಗಬ್ಬ ಕಟ್ಟಿಸಿ, ಕರು ಸಾಕಿ ಬೆಳೆಸಲು ಊರೊಳಗೆ ಜಾಗವಿರಲಿಲ್ಲ. ಆದುದರಿಂದ ಈದ ಹಸುವನ್ನು ಸಂತೆಯಲ್ಲಿ ಕೊಳ್ಳುವುದು, ಬಿಯರ್ ತಯಾರಿಕೆಯಲ್ಲಿ ಉಳಿದ ಧಾನ್ಯದ ಗಸಿಯನ್ನು ತಿನ್ನಿಸಿ ಕರೆಯುವುದು, ಹಾಲು ಬತ್ತಿದೊಡನೆ ಕಟುಕನಿಗೆ ಮಾರುವುದು, ಮತ್ತೆ ಸಂತೆಗೆ ಹೋಗಿ ಇನ್ನೊಂದನ್ನು ತರುವುದು. ಹೀಗೆ ಸಂತೆಗೂ ಕೊಟ್ಟಿಗೆಗೂ ನಡುವೆ ಹೊಸ ಹಸುಗಳ ಪ್ರವಾಹ ಒಂದು ವಾರವೂ ನಿಲ್ಲುತ್ತಿರಲಿಲ್ಲ.

1865ರ ಜೂನ್ ಕೊನೆಯ ವಾರದಲ್ಲಿ ಇಸ್ಲಿಂಗ್ಟನ್ ಮತ್ತು ಲ್ಯಾಂಬೆತ್‌ಗಳ ಕೊಟ್ಟಿಗೆಗಳಲ್ಲಿ ಸಂತೆಯಿಂದ ಹೊಸದಾಗಿ ತಂದಿದ್ದ ಹಸುಗಳು ಕಾಯಿಲೆ ಬಿದ್ದವು. ಮೊದಲು ಜ್ವರ, ಕಣ್ಣಿನಲ್ಲಿ ನೀರು, ಮೂಗಿನಲ್ಲಿ ಸಿಂಬಳ. ಬಳಿಕ ಬಾಯೊಳಗೆ ತೌಡು ಉದುರಿಸಿದಂತಹ ಹುಣ್ಣುಗಳು. ಆಮೇಲೆ ನಿಲ್ಲದ ಭೇದಿ. ಒಂದು ವಾರದಿಂದ ಹತ್ತು ದಿನಗಳೊಳಗೆ ಮರಣ. ಇದೇ ರಿಂಡರ್‌ಪೆಸ್ಟ್. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ‘ದೊಡ್ಡ ರೋಗ’ ಎಂಬ ಹೆಸರು. ಹೆಸರಿನಲ್ಲಿ ಬೇರೆ ವರ್ಣನೆಯೇ ಇಲ್ಲ. ಕಾಲುಬಾಯಿ ಜ್ವರಕ್ಕೆ ಕಾಲು ಬಾಯಿಗಳ ಲಕ್ಷಣದಿಂದ ಹೆಸರಿಟ್ಟ ರೈತರು ಇದನ್ನು ‘ದೊಡ್ಡದು’ ಎಂದಷ್ಟೇ ಕರೆದು ಸುಮ್ಮನಾದರು. ಮಕ್ಕಳ ದಡಾರಕ್ಕೆ ಕಾರಣವಾದ ವೈರಾಣು ಇದೇ ವಂಶದ್ದು. ದನಗಳ ವೈರಾಣುವಿನ ಪೂರ್ವಜನೇ ಎಂದೋ ಮನುಷ್ಯರಿಗೆ ದಾಟಿ ದಡಾರವಾಯಿತೆಂದು ವಿದ್ವಾಂಸರ ಮತ.

ರೋಗ ಎಲ್ಲಿಂದ ಬಂದಿತು? ಬಾಲ್ಟಿಕ್ ಸಮುದ್ರತೀರದ ರೆವೆಲ್ ಬಂದರಿನಿಂದ, ಅಂದರೆ ಇಂದಿನ ತಾಲಿನ್ ನಗರದಿಂದ, ಮೇ ಕೊನೆಯಲ್ಲಿ ಹಡಗೇರಿ ಹಲ್ ಬಂದರಿಗೆ ಬಂದಿಳಿದ ರಾಸುಗಳ ಮೇಲೆ ಅನುಮಾನ ಬಿದ್ದಿತು. ಅಲ್ಲವೆಂದು ವಾದಿಸಿದವರೂ ಉಂಟು. ಇಂತಹ ವಿಪತ್ತು ಕಾದಿದೆಯೆಂದು ಮುಂಚೆಯೇ ಕೂಗಿ ಹೇಳಿದವನು ಜಾನ್ ಗ್ಯಾಮ್‌ಜೀ ಎಂಬ ಪಶುವೈದ್ಯ. ರೈಲು ಹಾಗೂ ಉಗಿಹಡಗುಗಳ ಕಾಲದಲ್ಲಿ ರೋಗಕ್ಕೂ ರೈಲಿನ ವೇಗವೇ ಬರುತ್ತದೆ ಎಂದು ಅರಿತು, 1863ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಪಶುವೈದ್ಯರ ಮೊತ್ತಮೊದಲ ಅಂತರರಾಷ್ಟ್ರೀಯ ಸಮ್ಮೇಳನವನ್ನು ಸೇರಿಸಿದವನು ಅವನೇ. ಅವನ ಮಾತಿಗೆ ಸರ್ಕಾರ ಕಿವಿಗೊಡಲಿಲ್ಲ. ಅದಕ್ಕೆ ಕಾರಣ ಕೇವಲ ಅಸಡ್ಡೆಯಲ್ಲ. ಕಾರ್ಖಾನೆಗಳಲ್ಲಿ ದುಡಿಯುವ ಜನಕ್ಕೆ ಅಗ್ಗದ ಮಾಂಸ ಬೇಕಾಗಿತ್ತು. ಮುಕ್ತ ವ್ಯಾಪಾರವೆಂಬುದು ಆಗಿನ ರಾಜಕಾರಣಕ್ಕೆ ವೇದವಾಕ್ಯವಾಗಿತ್ತು. ಪರದೇಶದ ದನವನ್ನು ತಡೆಯಿರಿ ಎಂದವನು ಬಡವರ ತಟ್ಟೆಗೆ ಕೈಹಾಕಿದವನೆನಿಸಿಕೊಳ್ಳುತ್ತಿದ್ದ.

ಜುಲೈ 24ರಂದು ಮೊದಲ ರಾಜಾಜ್ಞೆ ಹೊರಟಿತು. ರೋಗ ಕಂಡವರು ತಿಳಿಸಬೇಕು, ತನಿಖಾಧಿಕಾರಿಗಳು ನೋಡುವರು. ಅನಂತರದ ಆಜ್ಞೆಗಳಲ್ಲಿ ರೋಗದ ದನವನ್ನು ವಶಪಡಿಸಿಕೊಂಡು ಕೊಲ್ಲುವ ಅಧಿಕಾರವೂ ಬಂದಿತು. ಆದರೆ ಕೊಂದ ದನಕ್ಕೆ ಒಂದು ಕಾಸಿನ ಪರಿಹಾರವೂ ಇರಲಿಲ್ಲ. ಇನ್ನೇನಾಗಬೇಕೋ ಅದೇ ಆಯಿತು. ಕೊಟ್ಟಿಗೆಯಲ್ಲಿ ಹತ್ತು ಹಸುಗಳಿದ್ದು ಒಂದು ಸೀನಿದರೆ, ಮಾಲೀಕ ಅಧಿಕಾರಿಗೆ ತಿಳಿಸುವುದರ ಬದಲು ಮಿಕ್ಕ ಒಂಬತ್ತನ್ನು ಮಾರನೆಯ ಸೋಮವಾರವೇ ಸಂತೆಗೆ ಹೊಡೆದುಕೊಂಡು ಹೋದ. ಅಲ್ಲಿಂದ ಅವು ರೈಲೇರಿ ಊರೂರಿಗೆ ಹರಡಿದವು. ರೋಗವನ್ನು ಹಿಡಿಯಲೆಂದು ಮಾಡಿದ ಕಟ್ಟಳೆಯೇ ರೋಗವನ್ನು ಊರೂರಿಗೆ ಅಟ್ಟಿತು. ಅವರನ್ನು ಕಳ್ಳರೆಂದು ಅಂದಿನ ಪತ್ರಿಕೆಗಳು ಜರೆದವು. ನಾವು ಹಾಗೆ ಜರೆಯಲು ಸಿದ್ಧರಿಲ್ಲ. ಅದಕ್ಕೊಂದು ಸ್ವಂತ ಕಾರಣವೂ ಇದೆ.

ಸೆಪ್ಟೆಂಬರಿನಲ್ಲಿ ರಾಯಲ್ ಕಮಿಷನ್ ನೇಮಕವಾಯಿತು. ರಸಾಯನಶಾಸ್ತ್ರಜ್ಞ ಲಯಾನ್ ಪ್ಲೇಫೇರ್, ವೈದ್ಯರಾದ ರಿಚರ್ಡ್ ಕ್ವೇನ್, ಹೆನ್ರಿ ಬೆನ್ಸ್ ಜೋನ್ಸ್, ಎಡ್ಮಂಡ್ ಪಾರ್ಕ್ಸ್ ಮೊದಲಾದವರು ಅದರ ಸದಸ್ಯರು. ಅಕ್ಟೋಬರ್ ಕೊನೆಗೆ ಬಂದ ಮೊದಲ ವರದಿಯಲ್ಲಿ ಬಹುಮತದ ಸಲಹೆ ಸರಳವಾಗಿತ್ತು: ದೇಶದಾದ್ಯಂತ ಕೆಲಕಾಲ ದನಗಳ ಸಂಚಾರವನ್ನೇ ನಿಲ್ಲಿಸಿಬಿಡಿ. ಸರ್ಕಾರಕ್ಕೆ ಧೈರ್ಯ ಸಾಲಲಿಲ್ಲ. ಒಂದೊಂದು ಜಿಲ್ಲೆಯೂ ತನಗೆ ತೋಚಿದಂತೆ ನಿಯಮ ಮಾಡಿಕೊಳ್ಳಲೆಂದು ಬಿಟ್ಟಿತು. ಒಂದು ಕೌಂಟಿಯಲ್ಲಿ ಸಂತೆ ಮುಚ್ಚಿದರೆ ಹಳ್ಳದಾಚೆಯ ಕೌಂಟಿಯಲ್ಲಿ ತೆರೆದಿತ್ತು. ಗಡಿಯಿದ್ದೂ ಗಡಿಯ ಕಾವಲಿಲ್ಲದ ಈ ಸ್ಥಿತಿ ನಮ್ಮ ಕಾಲದಲ್ಲಿಯೂ ಅಪರಿಚಿತವಲ್ಲ.

ಈ ನಡುವೆ ನಮ್ಮ ವೃತ್ತಿಬಾಂಧವರು ಏನು ಮಾಡುತ್ತಿದ್ದರು? ಹೇಳಲು ತುಸು ಸಂಕೋಚವಾಗುತ್ತದೆ. ರೋಗ ಸಿಡುಬನ್ನು ಹೋಲುತ್ತದೆಂದು ಹೆಸರಾಂತ ವೈದ್ಯರೇ ಹೇಳಿದುದರಿಂದ ದನಗಳಿಗೆ ಗೋಸಿಡುಬಿನ ಲಸಿಕೆ ಹಾಕುವ ಹುಚ್ಚು 1866ರ ಆರಂಭದಲ್ಲಿ ದೇಶವನ್ನೆಲ್ಲ ಹಿಡಿಯಿತು. ಲಸಿಕೆ ಹಾಕಿಸಿಕೊಂಡ ದನಗಳು ಹಾಕಿಸಿಕೊಳ್ಳದ ದನಗಳಷ್ಟೇ ಶ್ರದ್ಧೆಯಿಂದ ಸತ್ತವು. ಹೋಮಿಯೋಪತಿಯವರು ಗುಳಿಗೆ ಕೊಟ್ಟರು, ಇನ್ನು ಕೆಲವರು ಈರುಳ್ಳಿ ತಿನ್ನಿಸಿದರು, ಮದ್ಯ ಕುಡಿಸಿದರು. ಚರ್ಚುಗಳಲ್ಲಿ ಪ್ರಾರ್ಥನೆಗಳಾದವು. ಆದರೂ ಒಂದು ನಿಜವಾದ ಬೆಳಕು ಮೂಡಿದ್ದು ಆಗಲೇ. ಜಾನ್ ಬರ್ಡನ್ ಸ್ಯಾಂಡರ್ಸನ್ ಎಂಬ ವೈದ್ಯ ಕಮಿಷನ್ನಿಗಾಗಿ ನಡೆಸಿದ ಪ್ರಯೋಗಗಳಲ್ಲಿ ರೋಗಿಷ್ಠ ದನದ ರಕ್ತದಲ್ಲಿಯೇ ವಿಷವಿರುವುದನ್ನು ತೋರಿಸಿದ. ಹೊರಗೆ ಯಾವ ಲಕ್ಷಣವೂ ಕಾಣುವ ಮೊದಲೇ ದನದ ಮೈಶಾಖ ಏರಿರುತ್ತದೆಂಬುದೂ ಉಷ್ಣಮಾಪಕದಿಂದ ತಿಳಿಯಿತು. ಅಂದರೆ ಕಣ್ಣಿಗೆ ಆರೋಗ್ಯವಾಗಿ ಕಾಣುವ ಹಸುವೇ ಸಂತೆಯಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ‘ನನ್ನ ಎತ್ತು ಚೆನ್ನಾಗಿಯೇ ಇದೆಯಲ್ಲ’ ಎಂಬ ಮಾಲೀಕನ ಮಾತು ಪ್ರಾಮಾಣಿಕವಾಗಿದ್ದರೂ ಪ್ರಮಾಣವಾಗಲಾರದು. ಇಂದಿನ ಎಲ್ಲ ಪ್ರಾಣಿಸಾಗಾಟದ ನಿಯಮಗಳ ತಳಹದಿ ಇದೇ ಒಂದು ಸಂಗತಿ. ಇದು ಕ್ರಿಮಿಸಿದ್ಧಾಂತ ಇನ್ನೂ ನೆಲೆಗೊಳ್ಳದ ಕಾಲ ಎಂಬುದನ್ನು ಮರೆಯಬಾರದು. ರೋಗಕಾರಕವು ಬ್ಯಾಕ್ಟೀರಿಯಾ ತಡೆಯುವ ಸೋಸುಕದಲ್ಲೂ ನುಸುಳಬಲ್ಲ ಅತಿಸೂಕ್ಷ್ಮ ವಸ್ತುವೆಂದು ತಿಳಿದದ್ದು 1902ರಲ್ಲಿ, ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ.

1866ರ ಫೆಬ್ರವರಿ ನಡುವಿನಲ್ಲಿ ಹೊಸದಾಗಿ ರೋಗ ತಗಲಿದ ದನಗಳ ಸಂಖ್ಯೆ ವಾರಕ್ಕೆ ಹದಿನೈದು ಸಾವಿರವನ್ನು ಮೀರಿತು. ಚೆಷೈರ್ ಪ್ರಾಂತ್ಯದ ಕೊಟ್ಟಿಗೆಗಳು ಬರಿದಾದವು. ಆಗ ಪಾರ್ಲಿಮೆಂಟು ಎಚ್ಚೆತ್ತು ಫೆಬ್ರವರಿ 20ರಂದು ಕಾಯಿದೆಯನ್ನು ಜಾರಿಗೆ ತಂದಿತು. ರೋಗ ಬಂದ ದನವನ್ನು ಕೊಲ್ಲಲೇಬೇಕು. ಅದಕ್ಕೆ ಅರ್ಧ ಬೆಲೆ, 20 ಪೌಂಡ್ ಮೀರದಂತೆ. ಅದರ ಜೊತೆಗಿದ್ದ, ಇನ್ನೂ ಆರೋಗ್ಯವಾಗಿರುವ ದನವನ್ನು ಕೊಂದರೆ ಮುಕ್ಕಾಲು ಬೆಲೆ, 25 ಪೌಂಡ್ ಮೀರದಂತೆ. ಲೆಕ್ಕದ ಜಾಣತನವನ್ನು ಗಮನಿಸಬೇಕು. ಮುಚ್ಚಿಟ್ಟು ಕಾಯುವವನಿಗೆ ಕಡಿಮೆ, ಬೇಗ ಬಂದು ಹೇಳುವವನಿಗೆ ಹೆಚ್ಚು. ಈ ಪರಿಹಾರವನ್ನು ಪಾರ್ಲಿಮೆಂಟಿನಲ್ಲಿ ವಿರೋಧಿಸಿದವರಲ್ಲಿ ತತ್ತ್ವಜ್ಞಾನಿ ಜಾನ್ ಸ್ಟೂಅರ್ಟ್ ಮಿಲ್ ಒಬ್ಬ. ವೆಸ್ಟ್‌ಮಿನ್‌ಸ್ಟರ್ ಕ್ಷೇತ್ರದಿಂದ ಹೊಸದಾಗಿ ಆಯ್ಕೆಯಾಗಿದ್ದ ಅವನ ವಾದ ಇಷ್ಟು: ದನ ಸತ್ತರೆ ಮಾಂಸದ ಬೆಲೆ ತಾನೇ ಏರುತ್ತದೆ, ಆ ಲಾಭ ರೈತವರ್ಗಕ್ಕೇ ಸೇರುತ್ತದೆ, ಹಾಗಿರುವಾಗ ಮಾಂಸ ಕೊಳ್ಳುವವನಿಂದ ತೆರಿಗೆಯ ರೂಪದಲ್ಲಿ ಮತ್ತೊಮ್ಮೆ ಏಕೆ ವಸೂಲಿ? ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಆದರೆ ಬೆಲೆ ಏರಿದ ಲಾಭ ಬದುಕಿರುವ ದನವುಳ್ಳವನಿಗೆ ದೊರೆಯುವುದೇ ಹೊರತು ಐದು ಹಸುಗಳಲ್ಲಿ ಐದನ್ನೂ ಕಳೆದುಕೊಂಡ ಲ್ಯಾಂಬೆತ್‌ನ ವಿಧವೆಗೆ ಅದರಿಂದ ಏನೂ ಇಲ್ಲ. ಮಹಾ ತತ್ತ್ವಜ್ಞಾನಿಗಳು ಕೆಲವೊಮ್ಮೆ ಕೊಟ್ಟಿಗೆಯೊಳಗೆ ಇಣುಕಬೇಕಾಗುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನ್‌ಷೈರ್ ರೈತರು ಸರ್ಕಾರಕ್ಕೆ ಕಾಯದೆ ಮೊದಲೇ ತಮ್ಮಲ್ಲಿಯೇ ವಂತಿಗೆ ಎತ್ತಿ, ರೋಗದ ದನವನ್ನು ಕೊಲ್ಲಿಸಿ, ಕಳೆದುಕೊಂಡವನಿಗೆ ಹಣ ತುಂಬಿಕೊಟ್ಟು, ತಮ್ಮ ಸೀಮೆಯನ್ನು ಉಳಿಸಿಕೊಂಡಿದ್ದರು.

ಫಲ ಕಂಡುಬರಲು ಬಹಳ ಕಾಲ ಬೇಕಾಗಲಿಲ್ಲ. ಬೇಸಗೆಯ ಹೊತ್ತಿಗೆ ವಾರದ ಸಂಖ್ಯೆ ಸಾವಿರದ ಕೆಳಗಿಳಿಯಿತು. 1867ರಲ್ಲಿ ರೋಗ ತೊಲಗಿತು. ಅಷ್ಟರಲ್ಲಿ ಲೆಕ್ಕಕ್ಕೆ ಸಿಕ್ಕಿದ ರೋಗಗ್ರಸ್ತ ದನಗಳೇ ಎರಡೂವರೆ ಲಕ್ಷಕ್ಕೂ ಹೆಚ್ಚು. ಲಂಡನ್ನಿನ ಕೊಟ್ಟಿಗೆಗಳು ಮತ್ತೆ ಮೊದಲಿನಂತಾಗಲಿಲ್ಲ. 1864ರಲ್ಲಿ ಜಾರ್ಜ್ ಬಾರಮ್ ಎಂಬಾತ ರೈಲಿನಲ್ಲಿ ಹಳ್ಳಿಯ ಹಾಲನ್ನು ತರಿಸುವ ಸಂಸ್ಥೆಯನ್ನು ಸ್ಥಾಪಿಸಿದ್ದ. ಊರಿನ ಹಸುಗಳು ಸತ್ತಾಗ ಅವನ ವ್ಯಾಪಾರ ಕುದುರಿತು. ಮುಂದೆ ‘ಎಕ್ಸ್‌ಪ್ರೆಸ್ ಡೇರಿ’ ಎಂದು ಮನೆಮಾತಾದುದು ಅದೇ ಸಂಸ್ಥೆ. ನಾವು ಲಂಡನ್ನಿಗೆ ಬಂದ ಹೊಸದರಲ್ಲಿ ಬಾಗಿಲ ಮುಂದೆ ಗಾಜಿನ ಸೀಸೆಯಲ್ಲಿ ಬಂದಿಳಿಯುತ್ತಿದ್ದ ಹಾಲಿಗೂ 1865ರ ಆ ಸಾವುಗಳಿಗೂ ಹೀಗೊಂದು ನಂಟಿದೆ.

ಕಾಯಿದೆ ಅಲ್ಲಿಗೇ ನಿಲ್ಲಲಿಲ್ಲ. 1869ರ ಕಾಯಿದೆಯ ಪ್ರಕಾರ ಅನುಮಾನಾಸ್ಪದ ದೇಶಗಳಿಂದ ಬಂದ ದನವನ್ನು ಬಂದರಿನಲ್ಲಿಯೇ ಕಡಿಯಬೇಕು, ಜೀವಸಹಿತ ಒಳನಾಡಿಗೆ ಬಿಡಕೂಡದು. ಅದಕ್ಕಾಗಿ ಥೇಮ್ಸ್ ದಂಡೆಯ ಡೆಟ್‌ಫರ್ಡ್‌ನಲ್ಲಿ, ಆಗತಾನೆ ಮುಚ್ಚಿದ್ದ ರಾಜನೌಕಾಂಗಣದಲ್ಲಿ, ಪರದೇಶಿ ದನಗಳ ಮಾರುಕಟ್ಟೆ 1871ರ ಡಿಸೆಂಬರಿನಲ್ಲಿ ತೆರೆಯಿತು. 1913ರವರೆಗೂ ಅದು ನಡೆಯಿತು. ಹಡಗಿನಿಂದ ಇಳಿದ ರಾಸು ಆ ಗೋಡೆಯನ್ನು ದಾಟಿ ಹೊರಬರುತ್ತಿದ್ದುದು ಮಾಂಸವಾಗಿಯೇ. ಅಷ್ಟಾದರೂ 1877ರಲ್ಲಿ ಹ್ಯಾಂಬರ್ಗಿನಿಂದ ಬಂದ ದನಗಳ ಮೂಲಕ ಡೆಟ್‌ಫರ್ಡ್ ಹಾದಿಯಲ್ಲಿ ರೋಗ ಮತ್ತೊಮ್ಮೆ ಒಳನುಸುಳಿತು. ಈ ದ್ವೀಪಕ್ಕೆ ಅದು ಬಂದದ್ದು ಅದೇ ಕಡೆಯ ಸಲ.

ದನಗಳಿಗಾಗಿ ಹುಟ್ಟಿದ ಈ ವಿಧಾನ ಬೇರೆ ಪ್ರಾಣಿಗಳಿಗೂ ಹಬ್ಬಿತು. ನಮ್ಮಲ್ಲಿ ಅನೇಕರು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ರಿಚ್‌ಮಂಡ್ ಪಾರ್ಕಿನ ಜಿಂಕೆಗಳಿಗೆ 1886ರಲ್ಲಿ ಹುಚ್ಚುನಾಯಿಯ ರೋಗ ತಗಲಿ ಇನ್ನೂರಕ್ಕೂ ಹೆಚ್ಚು ಜಿಂಕೆಗಳು ಸತ್ತವು. ಮುಂದೆ ನಾಯಿಗಳಿಗೆ ಮೂತಿಬುಟ್ಟಿ, ಹೊರಗಿನಿಂದ ಬರುವ ನಾಯಿಗಳಿಗೆ ಪ್ರತ್ಯೇಕವಾಸ ಕಡ್ಡಾಯವಾಯಿತು. 2001ರಲ್ಲಿ ಕಾಲುಬಾಯಿ ಜ್ವರ ಬಂದಾಗ ಅದೇ ಉದ್ಯಾನದ ಬಾಗಿಲುಗಳನ್ನು ಜಿಂಕೆಗಳ ಸಲುವಾಗಿ ಮುಚ್ಚಿದ್ದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಕಿರಿಯ ವೈದ್ಯರಾಗಿ ರಾತ್ರಿಪಾಳಿ ಮುಗಿಸಿ ಗಾಳಿ ಸೇವನೆಗೆಂದು ಹೋದ ನಾವು ಬೀಗ ಕಂಡು ಮರಳಿದ್ದೆವು. ಆ ವರ್ಷ ಎಸೆಕ್ಸ್‌ನ ಕಸಾಯಿಖಾನೆಯೊಂದರಲ್ಲಿ ರೋಗ ಪತ್ತೆಯಾಗಿ, ದನಕುರಿಗಳ ಸಾಗಾಟಕ್ಕೆ ತಡೆ ಬೀಳಲು ಹಿಡಿದ ಕೆಲವೇ ದಿನಗಳಲ್ಲಿ ಕುರಿಗಳು ಸಂತೆಗಳಿಂದ ದೇಶದ ಮೂಲೆಮೂಲೆಗೆ ಹೋಗಿಬಿಟ್ಟಿದ್ದವು. ಕೊಂದ ಪ್ರಾಣಿಗಳು ಅರವತ್ತು ಲಕ್ಷಕ್ಕೂ ಮಿಗಿಲು. ಅಮೆರಿಕದಲ್ಲಿ ಸಾಕಿದ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯಬೇಕಾದರೆ ಅದರ ಹಿಂಡು ಐದು ವರ್ಷ ಕಾಲ ನಿಗಾದಲ್ಲಿದ್ದು ರೋಗಮುಕ್ತವೆಂಬ ಪ್ರಮಾಣ ಬೇಕು. ಅಲ್ಲಿಯ ಭಯ ಮೆದುಳನ್ನು ತಿಂದು ಪ್ರಾಣಿಯನ್ನು ಕೃಶವಾಗಿಸುವ ಒಂದು ರೋಗದ್ದು. ಅದು ಮೈಯಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ, ಆದುದರಿಂದ ಕಾಯುವ ಅವಧಿಯೂ ವರ್ಷಗಟ್ಟಲೆ. ಬರ್ಡನ್ ಸ್ಯಾಂಡರ್ಸನ್ ಕಲಿಸಿದ ಪಾಠವೇ ಇಲ್ಲಿಯೂ.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಲಂಡನ್ನಿನ ದುರಂತದ ಬೆನ್ನಿಗೇ ಭಾರತದಲ್ಲಿಯೂ ಹ್ಯಾಲನ್ ಎಂಬವರ ಅಧ್ಯಕ್ಷತೆಯಲ್ಲಿ ದನಗಳ ಪಿಡುಗಿನ ಆಯೋಗ ನೇಮಕವಾಗಿ 1871ರಲ್ಲಿ ವರದಿ ಸಲ್ಲಿಸಿತು. ಆದರೆ ಇಂಗ್ಲೆಂಡಿನ ಮದ್ದು ಅಲ್ಲಿ ನಡೆಯುವಂತಿರಲಿಲ್ಲ. ಗೋವನ್ನು ಕೊಲ್ಲುವ ಮಾತನ್ನು ಆಡುವಂತಿಲ್ಲ, ಪರಿಹಾರಕ್ಕೆ ಬೊಕ್ಕಸದಲ್ಲಿ ಹಣವಿಲ್ಲ, ಎತ್ತಿನಗಾಡಿಯನ್ನು ನಿಲ್ಲಿಸಿದರೆ ದೇಶದ ಕಾಳುಕಡಿಯೇ ನಿಲ್ಲುತ್ತದೆ. ನಮ್ಮ ಹಳ್ಳಿಗಳಿಗೆ ತಮ್ಮದೇ ವಿಧಾನವೊಂದಿತ್ತು. ಪಿಡುಗು ಬಂದಾಗ ಮಾರಿಯನ್ನು ಪೂಜಿಸಿ, ಮೆರವಣಿಗೆಯಲ್ಲಿ ಒಯ್ದು ಊರ ಗಡಿಯಾಚೆಗೆ ಬಿಟ್ಟುಬರುತ್ತಿದ್ದರು. ಗಡಿಯಾಚೆಯ ಊರಿನವರು ಮರುದಿನ ಆಕೆಯನ್ನು ತಮ್ಮ ಗಡಿ ದಾಟಿಸುತ್ತಿದ್ದರು. ಕೆಲವೆಡೆ ಊರಿಗೆ ಊರೇ ಹೊರಬೀಡು ಬಿಡುವುದೂ ಇತ್ತು. ಇದನ್ನು ಮೌಢ್ಯವೆಂದು ನಗುವವರಿದ್ದಾರೆ. ನಮಗೆ ಇದರಲ್ಲಿ ಅರ್ಧ ಸತ್ಯ ಕಾಣುತ್ತದೆ. ರೋಗ ನಡೆದಾಡುತ್ತದೆ, ಗಡಿಯಲ್ಲಿ ಅದರೊಡನೆ ಏನಾದರೂ ಮಾಡಬೇಕು ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ತಮ್ಮ ಊರು ಪಾರಾದರೆ ಸಾಕೆಂಬುದರಲ್ಲಿ ಮಾತ್ರ ಅವರಿಗೂ 1865ರ ಇಂಗ್ಲಿಷ್ ಕೌಂಟಿಗಳಿಗೂ ವ್ಯತ್ಯಾಸವಿರಲಿಲ್ಲ.

ಕೊಲ್ಲಲಾಗದ ನಾಡಿಗೆ ಲಸಿಕೆಯೇ ಗತಿ. ಹಿಮಾಲಯದ ತಪ್ಪಲಿನ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಎಡ್ವರ್ಡ್ಸ್ ಎಂಬವರು 1920ರ ದಶಕದಲ್ಲಿ ವೈರಾಣುವನ್ನು ಮೇಕೆಯಿಂದ ಮೇಕೆಗೆ ದಾಟಿಸಿ ಸೌಮ್ಯಗೊಳಿಸಿ ಲಸಿಕೆ ಮಾಡಿದರು. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾದುದೇ ದೊಡ್ಡ ರೋಗಕ್ಕೆ ಸೀರಂ ತಯಾರಿಸುವುದಕ್ಕಾಗಿ. ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯ ಮೂಲ ಅದೇ. ಸ್ವಾತಂತ್ರ್ಯಾನಂತರ 1954ರಲ್ಲಿ ಭಾರತ ಸರ್ಕಾರ ನಿರ್ಮೂಲನ ಯೋಜನೆಯನ್ನು ಆರಂಭಿಸಿತು. ಊರೂರಿಗೆ ಲಸಿಕೆ, ರಾಜ್ಯಗಳ ಗಡಿಯುದ್ದಕ್ಕೂ ಲಸಿಕೆ ಹಾಕಿದ ದನಗಳದೇ ಒಂದು ಪಟ್ಟಿ, ರಸ್ತೆ ಗಡಿ ದಾಟುವಲ್ಲಿ ತಪಾಸಣಾ ಕಟ್ಟೆ. ಬೇರೆ ರಾಜ್ಯದಿಂದ ಬರುವ ದನವನ್ನು ಅಲ್ಲಿ ನಿಲ್ಲಿಸಿ, ನೋಡಿ, ಚುಚ್ಚಿ, ಬಿಡಬೇಕು.

ಈಗ ಆರಂಭದ ಪ್ರಶ್ನೆಗೆ ಬಂದೆವು. ನಮ್ಮೂರು ಮಧುಗಿರಿಯಿಂದ ಪೂರ್ವಕ್ಕೆ, ಆಂಧ್ರದ ಗಡಿಗೆ ಹತ್ತಿರ. ನಾವು ಆರನೆಯ ತರಗತಿಯಲ್ಲಿದ್ದ ವರ್ಷ ನಮ್ಮ ತಾತನವರ ಜೋಡಿ ಎತ್ತಿನಲ್ಲಿ ಒಂದು ಹಾವು ಕಚ್ಚಿ ಸತ್ತಿತು. ಮುಂಗಾರು ಬಿದ್ದಿತ್ತು. ಬಿತ್ತನೆಗೆ ಎತ್ತು ಬೇಕಾಗಿತ್ತು. ತಾತನವರು ಗಡಿಯಾಚೆಯ ಸಂತೆಗೆ ಹೋಗಿ ಒಂದು ಎತ್ತನ್ನು ಕೊಂಡರು. ತಪಾಸಣಾ ಕಟ್ಟೆಯಲ್ಲಿ ಚುಚ್ಚಿದರೆ ಎತ್ತು ಸೊರಗುತ್ತದೆ, ಕೆಲವು ದಿನ ಅಲ್ಲಿಯೇ ಕಟ್ಟಿಹಾಕಿಸುತ್ತಾರೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರು. ನಿಜವೋ ಸುಳ್ಳೋ ವಿಚಾರಿಸಲು ಹದ ಕಾಯುವುದಿಲ್ಲ. ರಾತ್ರಿ ಕೆರೆಯ ಏರಿಯ ಮೇಲೆ ಬಳಸುದಾರಿಯಲ್ಲಿ ಎತ್ತನ್ನು ಹೊಡೆದುಕೊಂಡು ಬಂದರು. ಬಲು ಚೆಂದದ ಎತ್ತು. ಕೊಂಬಿಗೆ ಎಣ್ಣೆ ಸವರಿದವರು ನಾವೇ. ಒಂದು ವಾರಕ್ಕೆ ಅದು ಮೇವು ಬಿಟ್ಟಿತು. ಕಣ್ಣಿನಲ್ಲಿ ನೀರು ಸುರಿಯಿತು. ಆ ತಿಂಗಳು ನಮ್ಮ ಬೀದಿಯಲ್ಲಿ ಏಳು ದನಗಳು ಸತ್ತವು. ಎರಡು ನಮ್ಮವು, ಐದು ನೆರೆಯವರವು. ಪಶುವೈದ್ಯರು ಬಂದು ನೋಡಿ ರೋಗದ ಹೆಸರು ಹೇಳಿ ಉಳಿದವಕ್ಕೆಲ್ಲ ಚುಚ್ಚಿದರು. ಎತ್ತು ಎಲ್ಲಿಂದ ಬಂದಿತೆಂದು ಕೇಳಿದಾಗ ತಾತನವರು ನಮ್ಮ ಕಡೆಯದೇ ಒಂದು ಸಂತೆಯ ಹೆಸರು ಹೇಳಿದರು.

ಎದುರುಮನೆಯಲ್ಲಿ ಒಬ್ಬ ವಿಧವೆ ಇದ್ದರು. ಅವರಿಗಿದ್ದುದು ಒಂದೇ ಹಸು. ಅದರ ಹಾಲು ಮಾರಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದರು. ಅದೂ ಹೋಯಿತು. ದೀಪಾವಳಿಯ ಹೊತ್ತಿಗೆ ತಾತನವರು ಕೊಟ್ಟಿಗೆಯಲ್ಲಿ ಉಳಿದಿದ್ದ ಒಂದೇ ಕಡಸನ್ನು ಹಗ್ಗಸಹಿತ ಅವರ ಮನೆಯ ಕಂಬಕ್ಕೆ ಕಟ್ಟಿ ಬಂದರು. ಏಕೆಂದು ಮನೆಯಲ್ಲಿ ಕೇಳಿದವರಿಗೆ ಉತ್ತರವಿರಲಿಲ್ಲ. ನಾವು ಎಂ.ಬಿ.ಬಿ.ಎಸ್. ಎರಡನೆಯ ವರ್ಷದಲ್ಲಿ ವೈರಾಣುಶಾಸ್ತ್ರದ ಪುಸ್ತಕ ಹಿಡಿದು ರಜಕ್ಕೆ ಹೋದಾಗ, ಆ ಪುಸ್ತಕದಲ್ಲಿ ದನದ ರೋಗಗಳೂ ಇವೆಯೇ ಎಂದು ಕೇಳಿ, ಇದೆಲ್ಲವನ್ನೂ ತಾತನವರು ತಾವಾಗಿಯೇ ಹೇಳಿದರು. ಆ ದನಗಳು ಸತ್ತದ್ದು ನನ್ನಿಂದಲೇ ಅಲ್ಲವೆ ಎಂದು ಕೇಳಿದರು. ರೋಗ ಹೊರಬೀಳಲು ಹಿಡಿಯುವ ದಿನಗಳ ಲೆಕ್ಕ ನಮಗೆ ಗೊತ್ತಿತ್ತು. ಬೇರೆ ಕಡೆಯಿಂದಲೂ ಬಂದಿರಬಹುದು ಎಂದೆವು. ಅವರು ನಂಬಲಿಲ್ಲ. ಮುಂದೆ ಎಷ್ಟೋ ರೋಗಿಗಳಿಗೆ ಕಹಿಯಾದ ನಿಜವನ್ನು ಹೇಳಿದ್ದೇವೆ. ಅಂದು ಹೇಳಲಿಲ್ಲ.

ಗಡಿಯಲ್ಲಿ ಒಂದು ಮಾತು ಭರವಸೆ ಕೊಡುವವರಿದ್ದರೆ, ಎತ್ತು ಸತ್ತರೆ ಅರ್ಧ ಬೆಲೆಯಾದರೂ ಸಿಗುತ್ತದೆಂಬ ಧೈರ್ಯವಿದ್ದರೆ, ತಾತನವರು ಕೆರೆ ಏರಿಯನ್ನು ಹತ್ತುತ್ತಿದ್ದರೇ ಎಂಬುದು ನಮ್ಮ ಬಹುಕಾಲದ ಯೋಚನೆ. ಇಸ್ಲಿಂಗ್ಟನ್ನಿನ ಹಾಲಿನವರನ್ನು ಕಳ್ಳರೆನ್ನಲು ಬಾಯಿ ಬಾರದಿರುವುದು ಇದಕ್ಕೇ. ಕಾನೂನು ಅಲ್ಲಿಯೂ ಬೆಳೆದಿದೆ. 2009ರ ಕೇಂದ್ರ ಕಾಯಿದೆಯು ರೋಗನಿಯಂತ್ರಣ ವಲಯದಿಂದ ದನ ಹೊರಹೋಗಲು ಲಸಿಕೆಯ ಪ್ರಮಾಣಪತ್ರವನ್ನು ಕೇಳುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಕರ್ನಾಟಕದಲ್ಲಿ ದನಗಳ ಜಾತ್ರೆ, ಸಾಗಾಟಗಳಿಗೆ ತಡೆ ಬಿದ್ದಿತು.

ದೊಡ್ಡ ರೋಗದ ಕಥೆಯಾದರೋ ಮುಗಿದಿದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನಲ್ಲಿ ಓದಿದ ವಾಲ್ಟರ್ ಪ್ಲೌರೈಟ್ ಎಂಬವರು ಕೀನ್ಯದಲ್ಲಿ, ಪ್ರಯೋಗಾಲಯದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಸುರಕ್ಷಿತವೂ ಅಗ್ಗವೂ ಆದ ಲಸಿಕೆಯನ್ನು 1960ರ ಸುಮಾರಿಗೆ ಸಿದ್ಧಪಡಿಸಿದರು. ಭಾರತದಲ್ಲಿ ರೋಗ ಕಡೆಯದಾಗಿ ಕಂಡದ್ದು 1995ರಲ್ಲಿ, ಜಗತ್ತಿನಲ್ಲಿ 2001ರಲ್ಲಿ, ಕೀನ್ಯದ ಕಾಡಿನಲ್ಲಿ. 2011ರಲ್ಲಿ ಅದು ಭೂಮಿಯಿಂದ ತೊಲಗಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಘೋಷಿಸಿತು. ಸಿಡುಬಿನ ಬಳಿಕ ಮನುಷ್ಯ ಬೇರುಸಹಿತ ಕಿತ್ತ ಎರಡನೆಯ ರೋಗ ಇದು. ಲಂಡನ್ನಿನಾಚೆ ಸರ್ರೆಯ ಪರ್ಬ್ರೈಟ್ ಸಂಸ್ಥೆಯಲ್ಲಿ ಶೇಖರಿಸಿಟ್ಟಿದ್ದ ವೈರಾಣುವಿನ ಮೂರು ಸಾವಿರಕ್ಕೂ ಹೆಚ್ಚು ಶೀಷೆಗಳನ್ನು 2019ರ ಜೂನ್‌ನಲ್ಲಿ ನಾಶಪಡಿಸಿದರು.

ಆ ಸುದ್ದಿ ಓದಿದ ದಿನ ಊರಿಗೆ ದೂರವಾಣಿ ಮಾಡಿದೆವು. ತಾತನವರು ಹೋಗಿ ಬಹಳ ವರ್ಷಗಳಾಗಿದ್ದವು. ಕೊಟ್ಟಿಗೆಯಿದ್ದ ಜಾಗದಲ್ಲಿ ಟ್ರಾಕ್ಟರು ನಿಂತಿದೆ. ದೂರವಾಣಿ ಎತ್ತಿದವನು ತಮ್ಮನ ಮಗ. ದೊಡ್ಡ ರೋಗದ ಕಡೆಯ ಶೀಷೆಗಳನ್ನೂ ಸುಟ್ಟರಂತೆ ಕಣಯ್ಯ ಎಂದೆವು. ಅವನು ಕೊಂಚ ಹೊತ್ತು ಸುಮ್ಮನಿದ್ದು, ‘ದೊಡ್ಡ ರೋಗ ಅಂದ್ರೆ ಕ್ಯಾನ್ಸರಾ ದೊಡ್ಡಪ್ಪ?’ ಎಂದು ಕೇಳಿದ.